ತಪಸ್ಸುಕಾಲದ ಅಲ್ಲೆಲೂಯ

"ಇವತ್ತು ಸುಕ್ರವಾರ ಅಲ್ವಾ?" ಎಂದು ಅವ್ವ ಇಡ್ಲಿಯ ತಟ್ಟೆಯನ್ನು ಮೊಣಕೈಯಿಂದ ಆಚೆ ತಳ್ಳಿದಳು.

"ಸೋಮವಾರ ಕಣವ್ವ," ಎಂದೆ.

"ಸಾಯಂಕಾಲ ಸಿಲುಬೆ ಆದಿ ಮಡಿಕ್ಕಂಡು ಬೆಳಗ್ಗೇನೇ ತಿಂತಾರಾ ಯಾರಾದ್ರೂ? ನಿಂಗೆ ಬುದ್ಧಿ ಯಾವಾಗ್ ಬರ್ತದೆ?"

ನನಗೆ ಐವತ್ತು ದಾಟಿದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ದಿನಾ ಮಧ್ಯಾಹ್ನ ನನ್ನ ಕಣ್ಣೆದುರು ಒಂದು ಊರಿನಷ್ಟು ಜನ ಉಣ್ಣುತ್ತಾರೆ. ಅರ್ಧ ತಿಂದು ತಟ್ಟೆ ಬಿಟ್ಟುಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಿಬಿಟ್ಟು ಬೈದದ್ದೂ ಉಂಟು, ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಅಂಥವಳಿಗೆ ಮನೆಯಲ್ಲಿ ಒಬ್ಬಳು ಮುದುಕಿಗೆ ಎರಡು ಇಡ್ಲಿ ತಿನ್ನಿಸಲು ಆಗುತ್ತಿರಲಿಲ್ಲ.

ನಮ್ಮದು ಅತ್ತಿಬೆಲೆಗೆ ಹೋಗುವ ದಾರಿಯಲ್ಲಿ ಬರುವ ಹಳೆಯ ಊರು. ನಾವು ಕ್ರೈಸ್ತರಾಗಿ ಎಷ್ಟು ತಲೆಮಾರಾಯಿತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಕಾಲಕ್ಕೆ ನಮ್ಮ ಚರ್ಚಿನ ಗಂಟೆ ಹೊಡೆದರೆ ರಾಗಿ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು ಕೈಮುಗಿಯುತ್ತಿದ್ದರಂತೆ. ಈಗ ಆ ಹೊಲಗಳ ಮೇಲೆ ಅಪಾರ್ಟ್‌ಮೆಂಟುಗಳಿವೆ. ಭಾನುವಾರ ಇಂಗ್ಲಿಷ್ ಪೂಜೆಗೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ, ಕನ್ನಡ ಪೂಜೆಗೆ ಮಾತ್ರ ಬೆಂಚುಗಳು ಖಾಲಿ ಕಾಣುತ್ತವೆ. ಆ ಕನ್ನಡ ಪೂಜೆಯಲ್ಲಿ ಹಾಡುವ ಗುಂಪಿನಲ್ಲಿ ನಾನೂ ಒಬ್ಬಳು. ಅವ್ವನೂ ಹಾಡುತ್ತಿದ್ದವಳೇ. ಅದರಲ್ಲೂ ತಪಸ್ಸುಕಾಲದಲ್ಲಿ ಅವಳನ್ನು ಬಿಟ್ಟರೆ ಇಲ್ಲ.

ತಪಸ್ಸುಕಾಲ ಎಂದರೆ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡಲ್ಲಿಂದ ಪಾಸ್ಕ, ಅಂದರೆ ಈಸ್ಟರ್ ಹಬ್ಬದವರೆಗಿನ ನಲವತ್ತು ದಿನಗಳ ವ್ರತ. ಆ ದಿನಗಳ ಪ್ರತಿ ಶುಕ್ರವಾರ ಸಂಜೆ ಶಿಲುಬೆ ಹಾದಿ ಮಾಡುತ್ತೇವೆ. ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆದು ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಮೊಣಕಾಲೂರಿ, ಹಾಡುತ್ತ ಮುಂದೆ ಹೋಗುವುದು. ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವಾಗ ಹಾಡು ಎತ್ತಿಕೊಡುತ್ತಿದ್ದವಳು ಅವ್ವ. ಅಂದು ಮಧ್ಯಾಹ್ನ ಮೂರು ಗಂಟೆಯವರೆಗೆ, ಅಂದರೆ ಯೇಸು ಪ್ರಾಣ ಬಿಟ್ಟ ಹೊತ್ತಿನವರೆಗೆ, ಅವಳು ಏನೂ ತಿನ್ನುತ್ತಿರಲಿಲ್ಲ. ಆಮೇಲೆ ಒಂದು ಲೋಟ ಗಂಜಿ, ಅಷ್ಟೇ. ವಯಸ್ಸಾದವರಿಗೆ ಉಪವಾಸ ಬೇಡವೆಂದು ಧರ್ಮಸಭೆಯೇ ಹೇಳುತ್ತದೆ. ಅವ್ವ ಮಾತ್ರ ಧರ್ಮಸಭೆಗಿಂತ ಒಂದು ಕೈ ಮೇಲು.

ಅಪ್ಪ ತೀರಿಕೊಂಡದ್ದೂ ಅಂಥದೇ ಒಂದು ಶುಕ್ರವಾರ ಸಂಜೆ. ಅಪ್ಪ ಗಾರೆ ಮೇಸ್ತ್ರಿ. ಕೆಲಸ ಮುಗಿಸಿ ಬಂದು, ಜಗಲಿಯ ಮೇಲೆ ಕುಳಿತವರು ಹಾಗೆಯೇ ಒರಗಿಬಿಟ್ಟರು. ಅವ್ವ ಆಗ ಚರ್ಚಿನಲ್ಲಿ ಹಾಡುತ್ತಿದ್ದಳು. ಸುದ್ದಿ ಹೊತ್ತು ಹೋದವರು, ಹದಿನಾಲ್ಕೂ ಸ್ಥಳ ಮುಗಿಯಲಿ ಎಂದು ಬಾಗಿಲಲ್ಲೇ ನಿಂತಿದ್ದರಂತೆ. ಶವಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಅವ್ವ ಬೇರೇನೂ ಹೇಳಲಿಲ್ಲ. "ಒಂದ್ಮಾತ್ ಏಳ್ದೆ ಓಗ್ಬುಟ್ರಲ್ಲ," ಎಂದು ಅದೊಂದನ್ನೇ ಬೆಳಗಿನವರೆಗೂ ಹೇಳುತ್ತಿದ್ದಳು. ಅದಾಗಿ ವರ್ಷಗಳೇ ಕಳೆದಿವೆ.

ಅವಳಿಗೆ ಮರೆವು ಶುರುವಾದದ್ದು ಈಚೆಗೆ. ಮೊದಲು ಕನ್ನಡಕ, ಆಮೇಲೆ ನೆಂಟರ ಮುಖ. ಈ ಸಲ ಬೂದಿ ಬುಧವಾರ ಕಳೆದ ಮೇಲೆ ವಾರವೇ ಮರೆತುಹೋಯಿತು. ಎಲ್ಲ ದಿನವೂ ಅವಳಿಗೆ ಶುಕ್ರವಾರ. ಬೆಳಿಗ್ಗೆ ತಟ್ಟೆ ಇಟ್ಟರೆ ಶುಕ್ರವಾರವೆಂದು ತಿನ್ನುವುದಿಲ್ಲ. ಮೂರು ಗಂಟೆಗೆ ಗಂಜಿ ಕೊಟ್ಟರೆ, "ಆಗ್ಲೇ ಕುಡುದ್ನಲ್ಲ," ಎನ್ನುತ್ತಾಳೆ. ಹೀಗೆ ಎರಡು ಹೊತ್ತೂ ತಪ್ಪುತ್ತಿತ್ತು. ಪಕ್ಕದ ಮನೆಯ ಅಕ್ಕ, ನಾನು ಕೆಲಸಕ್ಕೆ ಹೋದಾಗ ಅವ್ವನನ್ನು ನೋಡಿಕೊಳ್ಳುವವರು, ಗೌಡರ ಮನೆಯ ಹೆಂಗಸು, ಒಂದು ದಿನ ನಗುತ್ತಲೇ ಹೇಳಿದರು: "ನಮ್ಗೆ ವರ್ಸಕ್ಕೊಂದು ಸಿವರಾತ್ರಿ ಕಣವ್ವ. ನಿಮ್ಮವ್ವಂಗೆ ದಿನಾ ಸಿವರಾತ್ರಿ."

ನಾನೂ ನಕ್ಕೆ. ನಗು ಬಹಳ ದಿನ ಉಳಿಯಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ತಿನ್ನಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ತೀರ ಇಳಿದುಬಿಡುತ್ತದೆ. ಅವಳೋ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದಳು. ಹಿಂದಿನ ಕಾಲದ ಉಪದೇಶಿಗಳು ಅವಳಿಗೆ ಕಲಿಸಿದ್ದು ಹಾಗೆ: ನೀರು ಮತ್ತು ಔಷಧದಿಂದ ಉಪವಾಸ ಕೆಡುವುದಿಲ್ಲ. ಹೆಸರು ಮರೆತವಳಿಗೆ ಈ ನೇಮ ಮರೆಯಲಿಲ್ಲ. ಒಂದು ದಿನ ಮಾತ್ರೆ ನುಂಗಿ, ತಿಂಡಿ ಬಿಟ್ಟು, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬಿದ್ದುಬಿಟ್ಟಳು. ಪಕ್ಕದ ಮನೆಯ ಅಕ್ಕ ಬಾಯಿಗೆ ಸಕ್ಕರೆ ಹಾಕಿ ಉಳಿಸಿಕೊಂಡರು. ಡಾಕ್ಟರು ಗದರಿದರು: "ಮೇಡಂ, ಇನ್ನೊಂದ್ ಸಲ ಹಿಂಗಾದ್ರೆ ಕಷ್ಟ. ತಿನ್ಸಿ, ಆಮೇಲೆ ಮಾತ್ರೆ ಕೊಡಿ. ಅಷ್ಟೂ ಮಾಡಕ್ಕಾಗಲ್ವಾ?"

ಅಷ್ಟೂ ಮಾಡಲಾಗಲಿಲ್ಲ. ಕ್ಯಾಲೆಂಡರ್ ತೋರಿಸಿದರೆ ಅದು ಹಳೆಯದು ಎಂದಳು. ಭಾನುವಾರ ಎಂದು ಸುಳ್ಳು ಹೇಳಿದೆ, ಭಾನುವಾರ ಉಪವಾಸವಿಲ್ಲವಲ್ಲ! ಅದು ಇನ್ನೂ ಕೆಟ್ಟಿತು. ಭಾನುವಾರವಾದರೆ ಪೂಜೆಗೆ ಹೋಗಬೇಕು, ಅಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಮುಂಚೆ ಬಾಯಿಗೆ ಏನೂ ಹಾಕಬಾರದು. ಅವ್ವ ಬಿಳಿ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಬಾಗಿಲಲ್ಲಿ ನಿಂತೇಬಿಟ್ಟಳು.

ಫಾದರ್ ಅವರನ್ನು ಕರೆತಂದೆ. ಕೊಳ್ಳೇಗಾಲದ ಕಡೆಯವರು, ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು. ಅವ್ವನ ತಲೆಯ ಮೇಲೆ ಕೈಯಿಟ್ಟು, "ಅಜ್ಜಿ, ನಿಮಗೆ ಉಪವಾಸದಿಂದ ವಿನಾಯಿತಿ ಕೊಟ್ಟಿದ್ದೀನಿ. ನೀವು ಊಟ ಮಾಡೋದೇ ದೇವರಿಗೆ ಇಷ್ಟ," ಎಂದರು. "ಆಗ್ಲಿ ಸ್ವಾಮಿ," ಎಂದು ಅವ್ವ ಅವರ ಎದುರಿಗೇ ತಿಂದಳು. ನನಗೆ ಹೋದ ಜೀವ ಬಂದಂತಾಯಿತು. ಮರುದಿನ ಅದೇ ವಿನಾಯಿತಿಯ ನೆನಪು ಮಾಡಿಕೊಟ್ಟರೆ, "ಯಾವ್ ಸ್ವಾಮ್ಯಾರು? ನಮ್ಮನೆಗೆ ಯಾವ್ ಸ್ವಾಮ್ಯಾರು ಬಂದಿದ್ರು?" ಎಂದಳು. ದಿನಾ ಬೆಳಿಗ್ಗೆ ಫಾದರ್ ಅವರನ್ನು ಇಡ್ಲಿಯ ಮುಂದೆ ಕೂರಿಸಲು ಆಗುತ್ತದೆಯೇ? ನನ್ನ ಅಕ್ಕ ಕನ್ಯಾಸ್ತ್ರೀ, ಬೇರೆ ರಾಜ್ಯದ ಮಠದಲ್ಲಿದ್ದಾಳೆ. ಫೋನಿನಲ್ಲಿ ಎಲ್ಲ ಕೇಳಿ, "ಈ ನೋವನ್ನ ಯೇಸುವಿಗೆ ಒಪ್ಪಿಸ್ಬಿಡು," ಎಂದಳು. "ನೀನು ಒಪ್ಸು, ನಾನು ತಿನ್ಸಿ ಸಾಯ್ತೀನಿ," ಎಂದು ಫೋನ್ ಇಟ್ಟೆ. ಆಮೇಲೆ ಅಳು ಬಂತು. ಅವಳ ಮೇಲೆ ಸಿಟ್ಟಿಗಲ್ಲ, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲವಲ್ಲ ಎಂಬುದಕ್ಕೆ.

ಕೊನೆಗೆ ದಾರಿ ತೋರಿಸಿದ್ದು ಒಂದು ಪದ, ಅದೂ ಆ ದಿನಗಳಲ್ಲಿ ಹೇಳಲೇಬಾರದ ಪದ.

ಬೂದಿ ಬುಧವಾರದಿಂದ ಪಾಸ್ಕದವರೆಗೆ ನಾವು 'ಅಲ್ಲೆಲೂಯ' ಎನ್ನುವುದಿಲ್ಲ. ಅದು ಸಂತೋಷದ ಘೋಷ; ಯೇಸು ಸಮಾಧಿಯಿಂದ ಎದ್ದ ಮೇಲೆಯೇ ಅದಕ್ಕೆ ಬಾಯಿ ತೆರೆಯಬೇಕು. ಚಿಕ್ಕಂದಿನಲ್ಲಿ ಒಮ್ಮೆ ತಪಸ್ಸುಕಾಲದಲ್ಲಿ ಪಾತ್ರೆ ತೊಳೆಯುತ್ತ ಅದನ್ನು ಗುನುಗಿದ್ದೆ. ಅವ್ವ ಮುದ್ದೆ ತಿರುವುವ ಕೋಲು ಹಿಡಿದೇ ಬಂದು ಕೈಗೆ ಬಾರಿಸಿದಳು. "ಅವ್ರಿನ್ನೂ ಸತ್ತೇ ಇಲ್ಲ, ನೀನು ಎಬ್ಬುಸ್ತಾ ಇದ್ದೀಯಾ?" ಎಂದಿದ್ದಳು. ಅಂದಿನಿಂದ ಆ ಪದ ಆ ದಿನಗಳಲ್ಲಿ ನನ್ನ ನಾಲಿಗೆಯ ಮೇಲೆ ಬಂದಿರಲಿಲ್ಲ.

ಆದರೆ ಹಾಡುವವರಿಗೆ ಒಂದು ಕಷ್ಟವಿದೆ. ಪಾಸ್ಕದ ಹಾಡುಗಳನ್ನು ತಪಸ್ಸುಕಾಲದಲ್ಲೇ ಅಭ್ಯಾಸ ಮಾಡಬೇಕು. ಬಾಗಿಲು ಹಾಕಿಕೊಂಡು, ಕಳ್ಳರಂತೆ ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಕಳಿಸುತ್ತಾರೆ. ಒಂದು ಬೆಳಿಗ್ಗೆ ಇಡ್ಲಿ ಬೇಯಲು ಇಟ್ಟು, ಬಂದದ್ದೇನೆಂದು ನೋಡಲು ಫೋನ್ ಒತ್ತಿದೆ. ಸದ್ದು ಜೋರಾಗಿತ್ತು. ಅಲ್ಲೆಲೂಯ, ಅಲ್ಲೆಲೂಯ ಎಂದು ಅಡುಗೆಮನೆ ತುಂಬಿತು. ಗಾಬರಿಯಿಂದ ಆರಿಸಲು ಹೋದೆ, ಕೈಗೆ ಹಿಟ್ಟು ಮೆತ್ತಿತ್ತು, ಫೋನ್ ಮಾತು ಕೇಳಲಿಲ್ಲ.

ಅವ್ವ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಕೋಲು ಕೇಳುತ್ತಾಳೆ ಎಂದುಕೊಂಡೆ. ಅವಳ ಮುಖ ನೋಡಿದರೆ, ಎಷ್ಟೋ ತಿಂಗಳಿಂದ ಕಾಣದ ಗೆಲುವು.

"ಎದ್ದುಬುಟ್ರಾ?" ಎಂದಳು.

ಯಾರು ಎಂದು ಕೇಳಬೇಕಾಗಿರಲಿಲ್ಲ. "ಎದ್ರು ಕಣವ್ವ, ಪೂಜೇನೂ ಆಯ್ತು," ಎಂದೆ.

"ಸರ್ವೇಸ್ವರನಿಗೆ ಸ್ತೋತ್ರ," ಎಂದು ಶಿಲುಬೆ ಗುರುತು ಮಾಡಿಕೊಂಡು, ನನ್ನ ಹಿಟ್ಟಿನ ಕೈಯನ್ನೇ ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕುಳಿತು ಮೂರು ಇಡ್ಲಿ ತಿಂದಳು, ಚಟ್ನಿಗೆ ಉಪ್ಪು ಕಮ್ಮಿ ಎಂದು ಬೈದಳು, ಮಾತ್ರೆ ನುಂಗಿದಳು. ಬೈಗುಳ ಅಷ್ಟು ಸಿಹಿಯಾಗಿ ಎಂದೂ ಕೇಳಿಸಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಪಾಸ್ಕ ಹಬ್ಬ. ಊರೆಲ್ಲ ಶಿಲುಬೆಗೆ ನೇರಳೆ ಬಟ್ಟೆ ಮುಚ್ಚಿಕೊಂಡು ತಪಸ್ಸು ಮಾಡುತ್ತಿದ್ದರೆ, ನಾನು ಕಿಟಕಿ ಮುಚ್ಚಿ, ಒಲೆಯ ಮುಂದೆ ನಿಂತು ಅಲ್ಲೆಲೂಯ ಹಾಡುತ್ತಿದ್ದೆ. ಪಾಪವೇ ಎಂದು ಫಾದರ್ ಅವರನ್ನು ಕೇಳಿದ್ದಕ್ಕೆ ಅವರು ಮೊದಲು ನಕ್ಕರು, ಆಮೇಲೆ, "ಮೆತ್ತಗೆ ಹಾಡಿಯಮ್ಮ," ಎಂದರು. ಅಷ್ಟೇ ಆಗಿದ್ದರೆ ನಾನು ಬದುಕಿದೆನೆಂದುಕೊಳ್ಳುತ್ತಿದ್ದೆ.

ಪಾಸ್ಕವೆಂದರೆ ನಮ್ಮ ಮನೆಯಲ್ಲಿ ಮಟನ್. ಅಪ್ಪ ಇದ್ದಾಗ, ನಲವತ್ತು ದಿನ ಬಿಟ್ಟಿದ್ದ ಮಾಂಸವನ್ನು ಅಂದು ಅವರೇ ತರಬೇಕಿತ್ತು. ಪೂಜೆ ಮುಗಿಸಿ, ಇಡ್ಲಿ ತಿಂದು, ಸೈಕಲ್ಲಿಗೆ ಚೀಲ ಸಿಕ್ಕಿಸಿಕೊಂಡು ಹೋದರೆ ಮಟನ್ ಅಂಗಡಿಯ ಕ್ಯೂನಲ್ಲಿ ನಿಂತು ಮಧ್ಯಾಹ್ನಕ್ಕೆ ಬರುತ್ತಿದ್ದರು. ಅವ್ವನಿಗೆ ಪಾಸ್ಕ ಬಂತೆಂದರೆ ಇದೆಲ್ಲವೂ ಬಂತು.

"ಅವ್ರು ತಿಂದ್ರಾ?" ಎಂದು ಇಡ್ಲಿ ಮುರಿಯುವ ಮುಂಚೆ ಅಪ್ಪನ ಬಗ್ಗೆ ಕೇಳುತ್ತಿದ್ದಳು.

"ತಿಂದ್ಕೊಂಡೇ ಹೋದ್ರು."

"ಮಟನ್ ತರಕಾ?"

"ಹೂಂ."

ತಿಂದಾದ ಮೇಲೆ ಕುರ್ಚಿಯನ್ನು ಬಾಗಿಲಿಗೆ ಎಳೆಸಿಕೊಂಡು ಕುಳಿತರೆ ಕುಳಿತಳೇ. ರಸ್ತೆಯಲ್ಲಿ ಕಂಪನಿ ಬಸ್ಸು, ನೀರಿನ ಟ್ಯಾಂಕರು, ಪಾರ್ಸೆಲ್ ತರುವ ಬೈಕುಗಳು. ಸೈಕಲ್ಲು ಕಂಡರೆ ಏಳುತ್ತಿದ್ದಳಂತೆ. "ದಾರಿ ಕಾದು ಕಾದು ಕಣ್ಣು ಬತ್ತೋಯ್ತದೆ ಕಣವ್ವ ನಿಮ್ಮವ್ವಂದು. ನನ್ ಕೈಲಿ ನೋಡಕ್ಕಾಗಲ್ಲ," ಎಂದು ಪಕ್ಕದ ಮನೆಯ ಅಕ್ಕ ನನಗೆ ಹೇಳಿದರು. ಸಂಜೆ ನಾನು ಬರುವ ಹೊತ್ತಿಗೆ ಅವ್ವ ಯಾರನ್ನು ಕಾಯುತ್ತಿದ್ದೇನೆ ಎಂಬುದನ್ನು ಮರೆತಿರುತ್ತಿದ್ದಳು. ಕಾಯುವುದನ್ನು ಮಾತ್ರ ಬಿಟ್ಟಿರುತ್ತಿರಲಿಲ್ಲ.

ಒಂದು ರಜಾದಿನ ನನಗೇ ತಡೆಯಲಾಗದೆ ನಿಜ ಹೇಳಿದೆ. ಅಪ್ಪ ಇಲ್ಲ ಕಣವ್ವ, ತೀರಿಕೊಂಡು ಬಹಳ ವರ್ಷವಾಯಿತು ಎಂದೆ. ಅವಳು ಆಗಷ್ಟೇ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅತ್ತಳು. ನಿಜ, ಅವಳು ಆಗಷ್ಟೇ ಕೇಳಿದ್ದಳು. ಅತ್ತು ಸುಸ್ತಾದ ಮೇಲೆ, "ಸಾವಿನ್ ಮನೇಲಿ ಒಲೆ ಹಚ್ಬಾರ್ದು," ಎಂದು ಮಧ್ಯಾಹ್ನದ ಊಟವನ್ನೂ ಮುಟ್ಟಲಿಲ್ಲ. ಅತ್ತ ದರಿ, ಇತ್ತ ಪುಲಿ. ಶುಕ್ರವಾರವೆಂದು ಬಿಟ್ಟರೆ ಹಸಿವಿನಿಂದ ಬೀಳುತ್ತಾಳೆ, ಪಾಸ್ಕವೆಂದರೆ ಸತ್ತವನ ದಾರಿ ಕಾಯುತ್ತಾಳೆ. ಮಗಳಾಗಿ ನಾನು ಆರಿಸಿಕೊಳ್ಳಬೇಕಾದ್ದು ಇವೆರಡರಲ್ಲಿ ಒಂದನ್ನು. ಮರುದಿನ ಬೆಳಿಗ್ಗೆ ಮತ್ತೆ ಅಲ್ಲೆಲೂಯ ಹಾಡಿದೆ.

ಪಾಸ್ಕಕ್ಕೆ ಹಿಂದಿನ ವಾರ ಪವಿತ್ರ ವಾರ; ಅದಕ್ಕೂ ಮುಂಚಿನ ಶುಕ್ರವಾರ ಶಿಲುಬೆ ಹಾದಿಯನ್ನು ಬೀದಿಯಲ್ಲಿ ಮಾಡುವುದು ನಮ್ಮ ರೂಢಿ. ಅವ್ವನನ್ನು ಪಕ್ಕದ ಮನೆಯ ಅಕ್ಕನ ಹತ್ತಿರ ಕೂರಿಸಿ ಹೋದೆ. ಹಳೆಯ ದಾರಿಯಲ್ಲಿ ಮೆಟ್ರೊ ಕಂಬಗಳು. ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ಪಕ್ಕದಲ್ಲೇ ನಡೆದೆವು. ನಾಲ್ಕನೆಯ ಸ್ಥಳಕ್ಕೆ ನಿಂತಾಗ ಒಬ್ಬ ಸೆಕ್ಯುರಿಟಿ ಓಡಿಬಂದು, "ಅಣ್ಣ, ಮೈಕ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ, ಮೇಲಿಂದ ಕಂಪ್ಲೇಂಟ್ ಬರ್ತಿದೆ," ಎಂದ. ಮೈಕ್ ಕಮ್ಮಿ ಮಾಡಿದರು. ನಾಲ್ಕನೆಯ ಸ್ಥಳದಲ್ಲಿ ಯೇಸು ತನ್ನ ತಾಯಿಯನ್ನು ಎದುರುಗೊಳ್ಳುತ್ತಾನೆ. ನಾನು ಹುಟ್ಟಿದಾಗಿನಿಂದ ಅಲ್ಲಿ ಮಗನ ನೋವನ್ನೇ ಧ್ಯಾನಿಸಿದವಳು. ಅಂದು ತಾಯಿಯ ಕೈಗಳು ಕಂಡವು. ಮಗ ಎದುರಿಗೇ ಇದ್ದಾನೆ, ಬಾಯಾರಿದ್ದಾನೆ. ಒಂದು ಗುಟುಕು ನೀರು ಕೊಡಲೂ ಆ ಕೈಗಳಿಗೆ ಆಗುವುದಿಲ್ಲ. ದೇವರ ತಾಯಿಗೇ ಆಗಲಿಲ್ಲವೆಂದರೆ ನನ್ನದೇನು ಲೆಕ್ಕ ಎಂದುಕೊಂಡೆ. ಸಮಾಧಾನವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಸಮಾಧಾನವಾಗಲಿಲ್ಲ. ಜೊತೆಗೆ ಒಬ್ಬಳು ನಿಂತಂತಾಯಿತು, ಅಷ್ಟೇ.

ಕೊನೆಗೆ ನಿಜವಾದ ಪಾಸ್ಕ ಭಾನುವಾರ ಬಂತು. ಅವ್ವನಿಗೆ ಬಿಳಿ ಸೀರೆ ಉಡಿಸಿ ಆಟೋದಲ್ಲಿ ಚರ್ಚಿಗೆ ಕರೆದೊಯ್ದೆ. ಪರಮಪ್ರಸಾದಕ್ಕೆ ಮುಂಚೆ ತಿನ್ನುವುದಿಲ್ಲವೆಂದು ಗೊತ್ತಿದ್ದರಿಂದ ಮಾತ್ರೆ ಕೊಟ್ಟಿರಲಿಲ್ಲ. ಪೂಜೆಯಲ್ಲಿ ಗಂಟೆಗಳು ಮೊಳಗಿ, ಇಡೀ ಸಭೆ ಎದ್ದುನಿಂತು ಅಲ್ಲೆಲೂಯ ಎಂದಿತು. ನಲವತ್ತು ದಿನ ಬಾಯಿ ಕಟ್ಟಿಕೊಂಡಿದ್ದವರ ದನಿ ಅದು, ಚಾವಣಿಗೆ ಹೋಗಿ ಬಡಿಯಿತು. ನನ್ನ ಬಾಯಿಂದ ಮಾತ್ರ ಸ್ವರ ಹೊರಡಲಿಲ್ಲ. ದಿನಾ ಬಳಸಿ ಬಳಸಿ ನಾನು ಆ ಪದವನ್ನು ಸವೆಸಿಬಿಟ್ಟಿದ್ದೆ. ಅವ್ವನ ಕಡೆ ನೋಡಿದೆ. ಅವಳೂ ಹಾಡುತ್ತಿರಲಿಲ್ಲ. ಕತ್ತು ತಿರುಗಿಸಿ ಗಂಡಸರ ಕಡೆಯ ಬೆಂಚುಗಳಲ್ಲಿ ಒಂದೊಂದೇ ಮುಖವನ್ನು ನೋಡುತ್ತಿದ್ದಳು.

ಮನೆಗೆ ಬಂದು ನೋಡಿದರೆ ಮೇಜಿನ ಮೇಲಿದ್ದ ಮಾತ್ರೆ ಇರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅಲ್ಲೇ ಬಿಟ್ಟಿದ್ದೆ. ಚರ್ಚಿಗೆ ಹೊರಡುವ ಮುಂಚೆಯೇ ಅವಳು ಯಾವಾಗಲೋ ನುಂಗಿದ್ದಳು. ಬೇಗ ಬೇಗ ಅವಳ ಮುಂದೆ ಇಡ್ಲಿ ಇಟ್ಟೆ. ಆದರೆ ಅವತ್ತು ಹಬ್ಬವೆಂದು ನಾನೇ ಮಟನ್ ತಂದು ಮುಂಜಾನೆಯೇ ಬೇಯಿಸಿಟ್ಟಿದ್ದೆ. ಬಿಸಿಗಿಟ್ಟ ಸಾರಿನ ಘಮ ಅವಳಿಗೆ ಬಡಿಯಿತು.

"ತಂದ್ರಾ?" ಎಂದು ಕಣ್ಣರಳಿಸಿದಳು. "ಎಲ್ಲವ್ರೆ?"

ಇದು ನನಗೆ ಹೊಳೆದೇ ಇರಲಿಲ್ಲ. ಮಟನ್ ಮನೆಗೆ ಬಂದಿದೆಯೆಂದರೆ ತಂದವರೂ ಬಂದಿರಲೇಬೇಕು. ಅವ್ವ ತಾನೇ ಎದ್ದು, ಅಪ್ಪನ ಅಂಚು ನೆಗ್ಗಿದ ಸ್ಟೀಲ್ ತಟ್ಟೆಯನ್ನು ಸೆರಗಿನಿಂದ ಒರೆಸಿ ನೆಲದ ಮೇಲಿಟ್ಟಳು.

"ಅವ್ವ, ನೀನು ತಿನ್ನು ಮೊದ್ಲು."

"ಅವ್ರು ಉಣ್ಣಕ್ ಮುಂಚೆ ನಾನ್ ಯಾವತ್ತಾದ್ರೂ ಉಂಡಿದೀನಾ?"

ಅವಳ ಕೈ ನಡುಗತೊಡಗಿತ್ತು. ಹಣೆಯ ಮೇಲೆ ಬೆವರು. ಬೆರಳಲ್ಲಿ ಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಹೋದರೆ ಮಕ್ಕಳ ಹಾಗೆ ತುಟಿ ಬಿಗಿದಳು. ಪಕ್ಕದ ಮನೆಗೆ ಬೀಗ ಹಾಕಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಭಯ ನನಗೆ ಆಗಿಲ್ಲ.

"ಅಪ್ಪ ಕೈಕಾಲು ತೊಳೀತಿದ್ದಾರೆ," ಎಂದೆ. "ಅಷ್ಟರಲ್ಲಿ ನೀನು ದೇವರ ಮುಂದೆ ಒಂದು ಜಪ ಹೇಳಿ ಬಾ."

ಅವಳನ್ನು ಒಳಕೋಣೆಯ ಪೀಠದ ಮುಂದೆ ಕೂರಿಸಿ ಬಂದೆ. ಅಪ್ಪನ ತಟ್ಟೆಗೆ ಅನ್ನ ಹಾಕಿ, ಸಾರು ಸುರಿದು, ಅಪ್ಪ ಕೂರುತ್ತಿದ್ದ ಗೋಡೆಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕುಳಿತು, ನಾನೇ ಉಂಡೆ. ಬಿಸಿ ಬಾಯಿ ಸುಟ್ಟರೂ ಬಿಡದೆ ನುಂಗಿದೆ. ಮೂಳೆಗಳನ್ನು ಅಪ್ಪ ಇಡುತ್ತಿದ್ದಂತೆ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟೆ. ಒಳಗೆ ಜಪದ ದನಿ ನಿಧಾನವಾಗುತ್ತಿತ್ತು. ಓಡಿಹೋಗಿ ಅವಳನ್ನು ಹಿಡಿದುಕೊಂಡು ಕರೆತಂದೆ.

ಅವ್ವ ತಟ್ಟೆಯನ್ನು ನೋಡಿದಳು. ಮೂಳೆಗಳನ್ನು ನೋಡಿದಳು.

"ಉಂಡ್ರಾ?"

"ಉಂಡ್ರು."

"ಎಲ್ಲೋದ್ರು?"

"ಕೆಲಸ ಇತ್ತಂತೆ. ಹೋದ್ರು."

ಅವಳ ಮುಖ ಕಳೆಗುಂದಿತು. "ಒಂದ್ಮಾತ್ ಏಳ್ದೆ ಓಗ್ಬುಟ್ರಾ?" ಎಂದಳು. ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಹೇಳಿದ ಅದೇ ಮಾತು, ಅದೇ ದನಿ.

"ನೀನು ಪ್ರಾರ್ಥನೆ ಮಾಡ್ತಾ ಇದ್ದೆ," ಎಂದೆ. "ಕರೀಬೇಡ, ಮುಗಿಸ್ಲಿ ಅಂದ್ರು. ನಿಂಗೆ ಹೇಳು ಅಂದ್ರು."

"ಏನಂತ?"

ನಾಳೆ ಬೆಳಿಗ್ಗೆ ಇದ್ಯಾವುದೂ ಅವಳಿಗೆ ನೆನಪಿರುವುದಿಲ್ಲ, ಮತ್ತೆ ಶುಕ್ರವಾರವೇ ಆಗುತ್ತದೆ ಎಂಬುದು ನನಗೆ ಗೊತ್ತಿತ್ತು.

"ಹೋಗಿ ಬರ್ತೀನಿ, ಊಟ ಮಾಡು ಅಂತ."

ಅವ್ವ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು. ಆಮೇಲೆ ಕುಳಿತು, ಮೂಳೆಗಳನ್ನು ಒಂದು ಬದಿಗೆ ಸರಿಸಿ, ಅದೇ ತಟ್ಟೆಗೆ ಅನ್ನ ಹಾಕಿಸಿಕೊಂಡು ಊಟ ಮಾಡಿದಳು.